ಅವರೆಕಾಯಿ ಬಿಡಿಸಿದ ಹಾಗೆ ಚಿತ್ರ ಬಿಡಿಸೋಣ

(ಮೈಸೂರಿನಲ್ಲಿ ಶಿಕ್ಷಕರು, ಪೋಷಕರು ಸೇರಿದ್ದ ಕಡೆ ಆಡಿದ ಮಾತು ಇದು. ಬರೆಯುವಾಗ ಒಂದೆರಡು ಕಡೆ ಸೇರಿಸಿದ್ದೇನೆ, ಮಿಕ್ಕಿದ್ದು ಅಲ್ಲಿ ಹೇಳಿದ್ದೇ.)

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗ ನಿಮಗೆ ಒಂದೊಂದು ಹಾಳೆ, ಒಂದೊಂದು ಪೆನ್ಸಿಲ್ ಕೊಟ್ಟರಲ್ಲ, ಅದನ್ನು ಕೈಗೆ ತೆಗೆದುಕೊಳ್ಳಿ. ಒಂದು ಸೈಕಲ್ ಚಿತ್ರ ಬಿಡಿಸಿ. ಎರಡು ನಿಮಿಷ ಸಾಕು. ಚೆಂದ ಬರಬೇಕು ಅಂತೇನಿಲ್ಲ, ಆದರೆ ಆ ಸೈಕಲ್ ಓಡುವ ಹಾಗಿರಬೇಕು.

ಆಯ್ತಾ? ಈಗ ನಿಮ್ಮ ಚೈನ್ ಎಲ್ಲಿಂದ ಎಲ್ಲಿಗೆ ಹೋಗಿದೆ ನೋಡಿಕೊಳ್ಳಿ. ಕೆಲವರದ್ದು ಎರಡೂ ಚಕ್ರಕ್ಕೆ ಸುತ್ತಿಕೊಂಡಿದೆ. ಕೆಲವರ ಪೆಡಲ್ ಹಿಂದಿನ ಚಕ್ರದ ನಡುವಲ್ಲೇ ಕೂತಿದೆ. ಇಲ್ಲೊಬ್ಬರು ಎರಡು ಚಕ್ರಕ್ಕೂ ಸೇರಿಸಿ ಒಂದು ಉದ್ದ ಕಂಬಿ ಹಾಕಿದ್ದಾರೆ, ಇದರಲ್ಲಿ ಹ್ಯಾಂಡಲ್ ತಿರುಗೋದೇ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ರೆಬೆಕಾ ಲಾಸನ್ ಇದೇ ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದರು. ಸೈಕಲನ್ನು ಹುಟ್ಟಿದಾಗಿನಿಂದ ನೋಡುತ್ತಾ ಬಂದ ಜನರಲ್ಲೂ ಎಷ್ಟೋ ಮಂದಿ ಚೈನನ್ನು, ಪೆಡಲನ್ನು ತಪ್ಪು ಜಾಗದಲ್ಲಿಟ್ಟಿದ್ದರು. ಕಣ್ಣಿಗೆ ಬಿದ್ದದ್ದೆಲ್ಲ ನೋಡಿದ ಹಾಗಲ್ಲ, ಅಲ್ವಾ?

ನಮ್ಮ ಭಾನುವಾರದ ಗುಂಪಿನಲ್ಲಿ 12 ಮಕ್ಕಳಿದ್ದಾರೆ, 7 ವರ್ಷದಿಂದ 13 ವರ್ಷದವರು. ಅವರಿಗೂ ಮೊದಲು ನೆನಪಿನಿಂದ ಸೈಕಲ್ ಬರೆಯಲು ಹೇಳಿದೆ. ನಿಮ್ಮದರ ಹಾಗೇ ಬಂತು. ಆಮೇಲೆ ಹಾಲಿನ ಕ್ಯಾನ್ ಸಾಗಿಸುವ ಒಂದು ಹಳೇ ಸೈಕಲನ್ನು ತಂದು ಮಧ್ಯೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಸುತ್ತ ಕೂತು ಬರೆಯಿರಿ ಎಂದೆ. ಕಾಲು ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹುಡುಗ ತಲೆ ಎತ್ತಿ, "ಮಿಸ್, ಚೈನ್ ಮುಂದಿನ ಚಕ್ರಕ್ಕೆ ಹೋಗೋಕೆ ಆಗಲ್ಲ. ಹ್ಯಾಂಡಲ್ ತಿರುಗಿಸಿದ್ರೆ ಕಳಚ್ಕೊಂಡ್ಬಿಡುತ್ತೆ" ಎಂದ. ಯಾರೂ ಹೇಳಿಕೊಡದೆ ಅವನಿಗೆ ಹೊಳೆದದ್ದು. ಅದಾದ ಮೇಲೆ ಎಲ್ಲರ ಬಾಯಿ ಬಿಟ್ಟುಕೊಂಡಿತು. ಈ ಕ್ಯಾರಿಯರ್ ಯಾಕೆ ಇಷ್ಟು ಅಗಲ? ಇಲ್ಲಿ ವೆಲ್ಡಿಂಗ್ ಮಾಡಿದ ಗುರುತಿದೆ, ಅಂದರೆ ಅಂಗಡಿಯಿಂದ ಹೀಗೆ ಬಂದಿಲ್ಲ, ಯಾರೋ ಕ್ಯಾನ್‌ಗೋಸ್ಕರ ಕಬ್ಬಿಣದ ಪಟ್ಟಿ ಸೇರಿಸಿದ್ದಾರೆ. ಎರಡು ಕಡೆಯೂ ಭಾರ ಸಮ ಇರಬೇಕು, ಇಲ್ಲದಿದ್ದರೆ ಬೀಳುತ್ತಾರೆ.

ಇವತ್ತು ನಾನು ಹೇಳಬೇಕು ಅಂತ ಬಂದದ್ದು ಇದನ್ನೇ. ಮಕ್ಕಳಿಗೆ ಡಿಸೈನ್ ಅಂದರೆ ಏನು ಅಂತ ಬಾಯಲ್ಲಿ ಹೇಳಿಕೊಡೋದು ತುಂಬಾ ಕಷ್ಟ. ಒಂದು ವಸ್ತುವಿನ ಸುತ್ತ ಅವರನ್ನು ಕೂರಿಸಿ, ನೋಡಿ ಬರೆಯಲು ಬಿಟ್ಟರೆ, ಅದೇ ಹೇಳಿಕೊಡುತ್ತದೆ.

ಡಿಸೈನ್ ಎಂದ ಕೂಡಲೇ ನಮಗೆ ನೆನಪಾಗೋದು ಸೀರೆ ಅಂಚು, ರಂಗೋಲಿ, ಮೆಹೆಂದಿ, ಮನೆ ಗೇಟು. ಮೊದಲ ದಿನ ಮಕ್ಕಳೂ ಇದನ್ನೇ ಹೇಳಿದರು, ಜೊತೆಗೆ ಫೋನ್ ಕವರ್ ಸೇರಿಸಿದರು. ತಪ್ಪೇನಿಲ್ಲ, ಅವೂ ಡಿಸೈನೇ. ಆದರೆ ಬಕೆಟ್ಟಿನ ಹಿಡಿ ಯಾಕೆ ಅಷ್ಟು ದಪ್ಪ, ಬಸ್ಸಿನ ಮೆಟ್ಟಿಲು ಯಾಕೆ ಅಜ್ಜಿಯರಿಗೆ ಎಟುಕೋದಿಲ್ಲ, ಹೂ ಮಾರುವವರ ಬುಟ್ಟಿ ಯಾಕೆ ಚಪ್ಪಟೆ, ಇವೆಲ್ಲ ಯಾರೋ ಒಬ್ಬರು ಹೀಗಿರಲಿ ಅಂತ ತೀರ್ಮಾನ ಮಾಡಿದ್ದು ಅನ್ನೋದು ಹೊಳೆಯುವುದೇ ಇಲ್ಲ. ಮರ ಬೆಳೆದ ಹಾಗೆ ಬಕೆಟ್ಟೂ ಬೆಳೆದಿದೆ ಎಂಬಂತೆ ಇದ್ದುಬಿಡುತ್ತೇವೆ.

ನಮ್ಮ ಭಾಷೆಯಲ್ಲಿ 'ಚಿತ್ರ ಬಿಡಿಸು' ಅಂತ ಹೇಳುತ್ತೇವಲ್ಲ, ನನಗೆ ಆ ಮಾತು ತುಂಬಾ ಇಷ್ಟ. ಗಂಟು ಬಿಡಿಸುತ್ತೇವೆ. ಒಗಟು ಬಿಡಿಸುತ್ತೇವೆ. ಲೆಕ್ಕ ಬಿಡಿಸುತ್ತೇವೆ. ಅವರೆಕಾಯಿ ಬಿಡಿಸುತ್ತೇವೆ. ಎಲ್ಲದಕ್ಕೂ ಒಂದೇ ಮಾತು. ಒಳಗಿರೋದನ್ನು ಹೊರಗೆ ತರೋದು. ಚಳಿಗಾಲದಲ್ಲಿ ಮನೆಯವರೆಲ್ಲ ಮೊರದ ಸುತ್ತ ಕೂತು ಅವರೆಕಾಯಿ ಬಿಡಿಸುತ್ತಿದ್ದ ಸಂಜೆಗಳು ಇಲ್ಲಿರುವ ಎಷ್ಟೋ ಜನರಿಗೆ ನೆನಪಿರಬೇಕು. ಕೈ ಒಂದು ಕಡೆ ಕೆಲಸ ಮಾಡುತ್ತಿರುತ್ತದೆ, ಬಾಯಿ ಒಂದು ಕಡೆ. ಹುಳ ಸಿಕ್ಕಿದರೆ ಪಕ್ಕದವರಿಗೆ ತೋರಿಸುತ್ತೇವೆ. ಚಿಕ್ಕ ಮಕ್ಕಳೂ ಕೂರಬಹುದು, ಅವರು ನಾಲ್ಕೇ ಕಾಯಿ ಬಿಡಿಸಿದರೂ ಯಾರೂ ಎಣಿಸುವುದಿಲ್ಲ. ಒಬ್ಬರೇ ಕೂತರೆ ಅದೇ ಕೆಲಸ ಬೇಜಾರು. ನಮ್ಮ ಗುಂಪಿನಲ್ಲಿ ಚಿತ್ರ ಬಿಡಿಸೋದು ಹಾಗಿರಬೇಕು ಅಂತ ನನ್ನ ಆಸೆ.

ನಾನು ಓದಿದ ಶಾಲೆಯಲ್ಲಿ ಡ್ರಾಯಿಂಗ್ ಕ್ಲಾಸ್ ಎಂದರೆ ಬೋರ್ಡಿನ ಮೇಲಿರುವುದನ್ನು ಹಾಗೇ ಇಳಿಸೋದು. ಎರಡು ಬೆಟ್ಟ, ಮಧ್ಯೆ ಸೂರ್ಯ, ಒಂದು ಗುಡಿಸಲು, ಒಂದು ತೆಂಗಿನಮರ, ಕೆಳಗೆ ಹೊಳೆ. ಕಿಟಕಿಯಲ್ಲಿ ಚಾಮುಂಡಿ ಬೆಟ್ಟ ಕಾಣಿಸುತ್ತಿತ್ತು. ನಾನೊಮ್ಮೆ ಅದನ್ನು ನೋಡಿ ಒಂದೇ ಉದ್ದನೆಯ, ಚಪ್ಪಟೆ ಬೆನ್ನಿನ ಬೆಟ್ಟ ಬರೆದದ್ದಕ್ಕೆ ಕೆಂಪು ಶಾಯಿಯಲ್ಲಿ ತಪ್ಪು ಹಾಕಿಸಿಕೊಂಡೆ. ಇವತ್ತಿಗೂ ಮೈಸೂರಿನ ಮಕ್ಕಳು ಬೆಟ್ಟ ಬರೆಯಿರಿ ಎಂದರೆ ತ್ರಿಕೋಣದ ಎರಡು ಬೆಟ್ಟ ಬರೆಯುತ್ತಾರೆ. ತಲೆ ಎತ್ತಿದರೆ ಬೆಟ್ಟ ಅಲ್ಲೇ ಇದೆ.

ಮಕ್ಕಳು ತಮಗೆ ಕಾಣುವುದಕ್ಕಿಂತ ಜಾಸ್ತಿ ತಮಗೆ ಗೊತ್ತಿರುವುದನ್ನು ಬರೆಯುತ್ತಾರೆ. ಫ್ರಾನ್ಸಿನ ಜಾರ್ಜ್ ಆನ್ರಿ ಲ್ಯೂಕೆ ಎಂಬುವರು 1927ರಷ್ಟು ಹಿಂದೆಯೇ ಇದರ ಬಗ್ಗೆ ಬರೆದಿದ್ದರು. 1972ರಲ್ಲಿ ಇಂಗ್ಲೆಂಡಿನಲ್ಲಿ ಫ್ರೀಮನ್ ಮತ್ತು ಜಾನಿಕೌನ್ ಎಂಬುವರು ಮಕ್ಕಳ ಮುಂದೆ ಒಂದು ಕಪ್ ಇಟ್ಟರು, ಹಿಡಿ ಆಚೆ ಕಡೆ ತಿರುಗಿ ಕಾಣದ ಹಾಗೆ. ಚಿಕ್ಕ ಮಕ್ಕಳು ಕಾಣದಿದ್ದರೂ ಹಿಡಿ ಬರೆದರು. ಸುಮಾರು 8 ವರ್ಷ ದಾಟಿದವರು ಬಿಟ್ಟರು. ಹಿಡಿ ಇಲ್ಲದಿದ್ದರೆ ಅದು ಕಪ್ ಅಂತ ಯಾರಿಗೆ ಗೊತ್ತಾಗಬೇಕು, ಪಾಪ! ಚಿಕ್ಕವರ ಯೋಚನೆಯೂ ಸರಿಯೇ.

ಇಲ್ಲಿ ಗುಂಪು ಏನು ಮಾಡುತ್ತದೆ ಅನ್ನೋದು ನನಗೆ ಗೊತ್ತಾದದ್ದು ಈಳಿಗೆ ಮಣೆ ಬರೆಸಿದ ದಿನ.

ಅದು ನಮ್ಮ ಅಮ್ಮನ ಈಳಿಗೆ ಮಣೆ. ಅಂಚಿಗೆ ಟೇಪ್ ಸುತ್ತಿ ಮಧ್ಯೆ ಇಟ್ಟಿದ್ದೆ. ಬಹಳ ಮಕ್ಕಳು ಅದನ್ನು ಹತ್ತಿರದಿಂದ ನೋಡೇ ಇರಲಿಲ್ಲ, ಅವರ ಮನೆಯಲ್ಲಿ ಚಾಕು, ಕಟಿಂಗ್ ಬೋರ್ಡು. ಪಕ್ಕದಲ್ಲಿ ಕೂತವರಿಗೆ ಬಾಗಿದ ಅಲಗು ಪೂರ್ತಿ ಕಾಣುತ್ತಿತ್ತು, ಒಳ್ಳೆ ಚಿತ್ರ ಬರುತ್ತಿತ್ತು. ನೇರ ಎದುರಿಗೆ ಕೂತಿದ್ದ 8 ವರ್ಷದ ಹುಡುಗಿಗೆ ಮಾತ್ರ ಅಲಗು ಒಂದು ಗೆರೆಯ ಹಾಗೆ ಕಾಣುತ್ತಿತ್ತು, ಮೇಲೆ ಕಾಯಿ ತುರಿಯುವ ಹಲ್ಲು. "ನನಗೆ ಬರೀ ಗೆರೆ ಕಾಣ್ತಿದೆ ಮಿಸ್, ನಾನು ಆ ಕಡೆ ಹೋಗ್ಲಾ?" ಅಂತ ಅಳುವ ಹಾಗೆ ಕೇಳಿದಳು. ಇನ್ನೊಂದು ಸ್ವಲ್ಪ ಹೊತ್ತು ಅಲ್ಲೇ ಕೂರು, ಆ ಕಡೆಯದ್ದನ್ನು ಆ ಕಡೆಯವರು ಬರೆಯುತ್ತಾರೆ, ನಿನ್ನ ಜಾಗದಿಂದ ಕಾಣೋದನ್ನು ನೀನೊಬ್ಬಳೇ ಬರೆಯೋಕೆ ಆಗೋದು ಎಂದೆ. ಆಮೇಲೆ ಹಾಳೆಗಳನ್ನು ಕೂತ ಕ್ರಮದಲ್ಲೇ ಮಣೆಯ ಸುತ್ತ ನೆಲದ ಮೇಲೆ ಜೋಡಿಸಿದೆವು. ಒಂದು ಸುತ್ತು ನಡೆದರೆ ಅಲಗು ಅಗಲವಾಗುತ್ತಾ ಹೋಗಿ, ಮತ್ತೆ ಸಣ್ಣಗಾಗುತ್ತಾ ಬಂದು, ಅವಳ ಹಾಳೆಯಲ್ಲಿ ಒಂದೇ ಗೆರೆಯಾಗಿ ನಿಲ್ಲುತ್ತಿತ್ತು. ಅವಳ ಚಿತ್ರದಲ್ಲಿ ಮಾತ್ರ ಇನ್ನೊಂದು ವಿಷಯ ಇತ್ತು. ಮಣೆಯ ಒಂದು ಬದಿ ಸವೆದು ಬೆಳ್ಳಗಾಗಿದ್ದನ್ನು ಅವಳು ಸುಮ್ನೆ ಖಾಲಿ ಬಿಟ್ಟು, ಇನ್ನೊಂದು ಬದಿಗೆ ಪೆನ್ಸಿಲ್ ಉಜ್ಜಿದ್ದಳು. ಅಮ್ಮ ಕಾಲಿಟ್ಟು ಅದುಮಿ ಹಿಡಿಯುತ್ತಿದ್ದ ಜಾಗ ಅದು. ನಾನು ಹುಟ್ಟಿದಾಗಿನಿಂದ ನೋಡಿದ ಮಣೆ, ನನಗೆ ಆ ಸವೆತ ಕಂಡಿದ್ದು ಅವಳ ಹಾಳೆಯಲ್ಲಿ.

ಆ ಸವೆತದಿಂದಲೇ ಮಾತು ಶುರುವಾಯಿತು. ಕಾಲಲ್ಲಿ ಹಿಡಿದರೆ ಎರಡು ಕೈಯೂ ಖಾಲಿ. ಚಾಕುವಿನಲ್ಲಿ ತರಕಾರಿ ಸುಮ್ಮನಿರುತ್ತದೆ, ಚಾಕು ಓಡಾಡುತ್ತದೆ. ಇಲ್ಲಿ ಅಲಗು ಸುಮ್ಮನಿರುತ್ತದೆ, ತರಕಾರಿ ಓಡಾಡುತ್ತದೆ. ಆದ್ದರಿಂದ ಎರಡು ಕೈಯಲ್ಲಿ ದೊಡ್ಡ ಕುಂಬಳಕಾಯಿ ಹಿಡಿದು ಒತ್ತಬಹುದು. ಹಾಗಾದರೆ ನಿಂತು ಅಡುಗೆ ಮಾಡುವ ಮನೆಗೆ ಇದು ಆಗುತ್ತಾ? ಆಗಲ್ಲ. ಕೂರುವ ಅಡುಗೆಮನೆ ಹೋಗಿದ್ದಕ್ಕೆ ಮಣೆಯೂ ಹೋಯಿತು. ಇಷ್ಟನ್ನೂ ಮಕ್ಕಳೇ ಒಬ್ಬರ ಮಾತಿಗೆ ಒಬ್ಬರು ಸೇರಿಸಿ ಹೇಳಿದ್ದು.

ಒಂಟಿಯಾಗಿ ಬರೆಯುವ ಮಗುವಿಗೆ ಒಂದು ಭಯ ಇರುತ್ತದೆ, ತನ್ನ ಹಾಳೆಯಲ್ಲಿ ಎಲ್ಲವೂ ಇರಬೇಕು, ಹಿಡಿ ಬಿಟ್ಟುಹೋದರೆ ಕಪ್ ಕೆಟ್ಟಿತು ಅಂತ. ಗುಂಪಿನಲ್ಲಿ ಆ ಭಯ ಬೇಡ. ಹಿಡಿಯನ್ನು ಇನ್ಯಾರೋ ಬರೆಯುತ್ತಿದ್ದಾರೆ. ಆಗ ತನ್ನ ಜಾಗದಿಂದ ಕಂಡಷ್ಟನ್ನು ಮಾತ್ರ ಪ್ರಾಮಾಣಿಕವಾಗಿ ಬರೆಯುವ ಧೈರ್ಯ ಬರುತ್ತದೆ. ನನ್ನ ಮಟ್ಟಿಗೆ ಗುಂಪಿನಲ್ಲಿ ಬರೆಯೋದರ ದೊಡ್ಡ ಲಾಭ ಇದೇ.

ಇನ್ನೊಂದು ವಾರ ಚೊಂಬು ಇಟ್ಟೆ. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಡಿಸೈನರ್ ದಂಪತಿ ನಮ್ಮ ಸರ್ಕಾರ ಕರೆದಿದ್ದಕ್ಕೆ ಭಾರತಕ್ಕೆ ಬಂದು, ಊರೂರು ಸುತ್ತಿ, 1958ರಲ್ಲಿ ಒಂದು ವರದಿ ಕೊಟ್ಟರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಶುರುವಾಗಿದ್ದಕ್ಕೆ ಆ ವರದಿಯೇ ದಾರಿ. ಇಡೀ ದೇಶದಲ್ಲಿ ಕಂಡ ವಸ್ತುಗಳಲ್ಲಿ ಅವರು ತುಂಬಾ ಮೆಚ್ಚಿಕೊಂಡದ್ದು ಈ ಚೊಂಬನ್ನು. ಎಷ್ಟು ನೀರು ಹಿಡಿಯಬೇಕು, ಹಿಡಿಯುವ ಕೈ ಎಷ್ಟು ದೊಡ್ಡದು, ತಲೆ ಮೇಲೋ ಸೊಂಟದ ಮೇಲೋ, ತುಂಬಿದಾಗ ಹೇಗೆ ನಿಲ್ಲುತ್ತದೆ, ಖಾಲಿಯಾದಾಗ ಹೇಗೆ, ಒಳಗೆ ತೊಳೆಯೋಕೆ ಆಗುತ್ತಾ, ತಟ್ಟಿದರೆ ಎಂಥ ಸದ್ದು, ಹೀಗೆ ಪ್ರಶ್ನೆ ಮೇಲೆ ಪ್ರಶ್ನೆ ಇಟ್ಟಿದ್ದಾರೆ. ನಾನು ಅದನ್ನು ಓದಿ ಹೇಳಲಿಲ್ಲ. ಬರೆಯುತ್ತಾ ಬರೆಯುತ್ತಾ ಮಕ್ಕಳು ಕೇಳಿದ ಪ್ರಶ್ನೆಗಳನ್ನು ಗೋಡೆಯ ಹಾಳೆ ಮೇಲೆ ಬರೆದುಕೊಂಡೆ, ಆಮೇಲೆ ಎರಡನ್ನೂ ಹೋಲಿಸಿದೆ. ಅರ್ಧಕ್ಕಿಂತ ಜಾಸ್ತಿ ಒಂದೇ. ಒಂದು ಪ್ರಶ್ನೆ ಮಕ್ಕಳದ್ದೇ ಸ್ವಂತ: ಕಂಠಕ್ಕೆ ಹಗ್ಗ ಕಟ್ಟಿದರೆ ಜಾರದ ಹಾಗೆ ಬಾಯಿ ಅಗಲ ಮಾಡಿದ್ದಾರಾ?

ಈಗ ಮಾರ್ಕೆಟ್ಟಿಗೆ ಬರೋಣ. ದೇವರಾಜ ಮಾರುಕಟ್ಟೆಗೆ ನಾವು ಬೆಳಗ್ಗೆ 7 ಗಂಟೆಗೆ ಹೋಗುತ್ತೇವೆ, ಚಿಕ್ಕ ಗಡಿಯಾರ ಗೋಪುರದ ಹತ್ತಿರ ಸೇರಿ. ಬಿಡಿ ಹಾಳೆ ಇಲ್ಲ. ಒಂದೇ ಉದ್ದನೆಯ ಬ್ರೌನ್ ಪೇಪರ್ ಸುರುಳಿ, ಒಬ್ಬೊಬ್ಬರಿಗೆ ಎರಡೆರಡು ಅಡಿ, ಒಬ್ಬೊಬ್ಬರಿಗೆ ಒಂದೊಂದು ಅಂಗಡಿ. ಬಾಳೆಹಣ್ಣಿನ ಅಂಗಡಿಯವರು, "ಬರ್ಕಳಿ ಕಣವ್ವ, ಗಿರಾಕಿ ಬರೋ ದಾರೀಲಿ ಮಾತ್ರ ಕೂರ್ಬೇಡಿ" ಅಂದರು. ಅಂಗಡಿಯೆಂದರೆ ಸಾಮಾನು ಮಾತ್ರ ಅಂದುಕೊಂಡಿದ್ದ ಮಕ್ಕಳಿಗೆ, ಮುಂದಿನ ಖಾಲಿ ಜಾಗವೂ ಅಂಗಡಿಯ ಭಾಗ ಅಂತ ಆ ಒಂದು ಮಾತಿನಿಂದ ಗೊತ್ತಾಯಿತು.

ಮೊದಲ ಸಲ ಕೆಟ್ಟುಹೋಯಿತು. ಒಬ್ಬನ ನಿಂಬೆಹಣ್ಣು ಪಕ್ಕದವಳ ಅಂಗಡಿಯಷ್ಟು ದೊಡ್ಡದು. ಚಾವಣಿ ಗೆರೆ ಒಂದು ಹಾಳೆಯಿಂದ ಇನ್ನೊಂದಕ್ಕೆ ಬರುವಾಗ ಗೇಣುದ್ದ ಕೆಳಗಿಳಿದಿತ್ತು. ಜಗಳ ಆಯಿತು. ನಾನು ಮಧ್ಯೆ ಹೋಗಲಿಲ್ಲ. ಹತ್ತು ನಿಮಿಷದ ನಂತರ ಒಂದು ತೀರ್ಮಾನಕ್ಕೆ ಬಂದರು: ಜಗುಲಿ ಮೇಲೆ ಕೂತಿರುವ ಮನುಷ್ಯ ಎಲ್ಲರ ಹಾಳೆಯಲ್ಲೂ ಒಂದು ಗೇಣು. ಮಿಕ್ಕಿದ್ದೆಲ್ಲ ಅದಕ್ಕೆ ತಕ್ಕ ಹಾಗೆ. ಎಂಜಿನಿಯರುಗಳು ಸ್ಕೇಲ್ ಎಂದು ಕರೆಯುವುದನ್ನು ಆ ಮಕ್ಕಳು ತಮ್ಮ ಅಗತ್ಯಕ್ಕೆ ತಾವೇ ಮಾಡಿಕೊಂಡರು. ಆದರೆ ಗೇಣು ಯಾರದ್ದು? ಮತ್ತೆ ಜಗಳ. ಕೊನೆಗೆ ಒಬ್ಬನ ಗೇಣಿನಷ್ಟು ದಾರ ಕತ್ತರಿಸಿ ಎಲ್ಲರಿಗೂ ಹಂಚಿದರು. ಅದೇ ಹೊತ್ತಿಗೆ ಪಕ್ಕದಲ್ಲಿ ಹೂವಿನ ಅಜ್ಜಿ ಮೊಳ ಹಾಕುತ್ತಿದ್ದರು, ಮೊಳಕೈಯಿಂದ ಬೆರಳ ತುದಿಗೆ. ಒಬ್ಬಳು ಪಿಸುಗುಟ್ಟಿದಳು, "ಅಜ್ಜಿ ಕೈ ಚಿಕ್ಕದು, ನಮಗೆ ಹೂ ಕಮ್ಮಿ ಬರುತ್ತೆ." ಅಳತೆ ಎಂದರೆ ಏನು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆ ಜಾಗ ನಾನು ಕಂಡಿಲ್ಲ.

ಎರಡನೇ ಸಲ ಸುರುಳಿ ಸರಿಯಾಗಿ ಕೂಡಿಕೊಂಡಿತು. ಬಿಚ್ಚಿ ನೋಡಿದರೆ ಅಂಗಡಿಯವರೆಲ್ಲ ಒಂದೇ ಎತ್ತರದಲ್ಲಿ ಕೂತಿದ್ದಾರೆ, ನಿಂತ ಗಿರಾಕಿಯ ಕಣ್ಣಿಗೆ ಸಮನಾಗಿ. ಕೈಗೆ ಎಟುಕುವಷ್ಟರಲ್ಲೇ ಎಲ್ಲಾ ಸಾಮಾನು, ತಕ್ಕಡಿ ಮಧ್ಯೆ. ಬಾಳೆಗೊನೆ ಮೇಲೆ, ಒತ್ತಿಕೊಂಡರೆ ಕೆಡುತ್ತದಲ್ಲ. 2016ರಲ್ಲಿ ಈ ಕಟ್ಟಡದ ಒಂದು ಭಾಗ ಕುಸಿದ ಮೇಲೆ, ಇದನ್ನು ದುರಸ್ತಿ ಮಾಡಬೇಕೋ ಕೆಡವಿ ಕಟ್ಟಬೇಕೋ ಅಂತ ದೊಡ್ಡವರು ಬಹಳ ವಾದ ಮಾಡಿದ್ದಾರೆ. ನನಗೂ ಅಭಿಪ್ರಾಯ ಇದೆ, ದುರಸ್ತಿ ಮಾಡಬೇಕು ಅಂತ. ಆದರೆ ಏನೇ ಮಾಡಲಿ, ಆ ಜಗುಲಿಯ ಎತ್ತರ ಯಾಕೆ ಅಷ್ಟು ಅಂತ ಬಲ್ಲವರು ಆ ವಾದದಲ್ಲಿ ಇರಬೇಕು. ನಮ್ಮ ಗುಂಪಿನ 12 ಮಕ್ಕಳಿಗೆ ಅದು ಗೊತ್ತು.

ಅರಮನೆ ಮುಂದೆ ಕೂರಿಸಿದ್ದು ಮಾತ್ರ ನನ್ನ ತಪ್ಪು. ಹಳೇ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿಸಿದ ಕಟ್ಟಡ, ಎಷ್ಟೊಂದು ಹೇಳಬಹುದು ಅಂದುಕೊಂಡು ಹೋದೆ. ಮಕ್ಕಳು ಒಂದು ಸಲ ನೋಡಿ, ಆಮೇಲೆ ಕ್ಯಾಲೆಂಡರಿನ ಅರಮನೆ ಬರೆದರು. ತುಂಬಾ ದೊಡ್ಡದು, ತುಂಬಾ ಪರಿಚಿತ. ಅಲ್ಲಿಂದ ಎದ್ದು ದೊಡ್ಡ ಗಡಿಯಾರದ ಹತ್ತಿರ ಬಂದೆವು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಬೆಳ್ಳಿಹಬ್ಬಕ್ಕೆ ಕಟ್ಟಿದ್ದು, 75 ಅಡಿ ಎತ್ತರ. ನಾನು ಎತ್ತರದ ಬಗ್ಗೆ ಹೇಳುತ್ತಿದ್ದೆ, ಅವರು ಗಡಿಯಾರದ ಮುಖಕ್ಕೆ ಅಂಟಿಕೊಂಡರು. ಅದರಲ್ಲಿ ಕನ್ನಡ ಅಂಕಿಗಳಿವೆ. ಬರೆಯುವಾಗ ೬ ಮತ್ತು ೯ ಎಲ್ಲರಿಗೂ ಅದಲುಬದಲು. ಆದರೂ ಟೈಮ್ ಎಲ್ಲರೂ ಸರಿಯಾಗಿ ಹೇಳಿದರು. ಅಂಕಿ ಓದದೆ ಟೈಮ್ ಹೇಗೆ ಗೊತ್ತಾಯಿತು? ಅರ್ಧ ಗಂಟೆ ಇದರ ಮೇಲೇ ಮಾತು.

ಕೊನೆಯದಾಗಿ ನಲ್ಲಿಯ ಕಥೆ. ಮಂಡ್ಯ ಕಡೆಯ ಒಂದು ಹಳ್ಳಿ ಶಾಲೆ. ಬಿಸಿಯೂಟದ ಹೊತ್ತಿನಲ್ಲಿ ಕೈತೊಳೆಯುವ ನಲ್ಲಿಗಳ ಎದುರು ಐದನೇ ಕ್ಲಾಸಿನ ಮಕ್ಕಳನ್ನು ಕೂರಿಸಿ, ಯಾರು ಬಂದರು, ಹೇಗೆ ನಿಂತರು, ಕೈ ಎಲ್ಲಿತ್ತು, ಅಷ್ಟನ್ನೇ ಬರೆಯಿರಿ ಎಂದೆ. ಓಡಾಡುವ ಮಕ್ಕಳನ್ನು ಬರೆಯೋದು ಕಷ್ಟ, ಒಬ್ಬೊಬ್ಬರದ್ದು ಬರೀ ಕಡ್ಡಿ ಗೊಂಬೆ. ಪರವಾಗಿಲ್ಲ. ಎಲ್ಲಾ ಹಾಳೆ ಜೋಡಿಸಿದಾಗ ಆರು ಹಾಳೆಯಲ್ಲಿ ಕೊನೆಯ ನಲ್ಲಿಯ ಕೆಳಗೆ ಒಂದು ಚೌಕ ಇತ್ತು. ಏನಿದು? ಇಟ್ಟಿಗೆ. ಒಂದನೇ ಕ್ಲಾಸಿನ ಮಕ್ಕಳು ಅದರ ಮೇಲೆ ಹತ್ತಿ ಕೈ ತೊಳೆಯುತ್ತಿದ್ದರು. ಮಿಕ್ಕ ನಲ್ಲಿ ಖಾಲಿ ಇದ್ದರೂ ಚಿಕ್ಕವರೆಲ್ಲ ಆ ಒಂದೇ ನಲ್ಲಿಗೆ ಸಾಲು ನಿಂತಿದ್ದರು. ಇಟ್ಟಿಗೆ ಇಟ್ಟವರು ಯಾರು ಅಂತ ಕೇಳಿಕೊಂಡು ಹೋದರೆ, ಅಡುಗೆ ಅಕ್ಕ. "ಪುಟ್ಟ ಮಕ್ಳಿಗೆ ಎಟುಕ್ತಿರ್ಲಿಲ್ಲ, ಮಡಗ್ದೆ" ಅಂದರು, ಅಷ್ಟೇ.

ಆ ದಿನ ಆ ಮಕ್ಕಳಿಗೆ ನಾನು ಹೇಳಿದ್ದು, ಈ ಶಾಲೆಯಲ್ಲಿ ಒಬ್ಬ ಡಿಸೈನರ್ ಇದ್ದಾರೆ, ನಿಮಗೆ ದಿನಾ ಅನ್ನ ಬಡಿಸುತ್ತಾರೆ ಅಂತ. ಅಕ್ಕ ನಾಚಿಕೊಂಡರು, ಆದರೆ ನಾನು ಹೇಳಿದ್ದು ನಿಜವಾದ ಮಾತು. ಆಮೇಲೆ ಮಕ್ಕಳು ಮುಂದಕ್ಕೆ ಯೋಚಿಸಿದರು. ಒದ್ದೆಯಾದರೆ ಇಟ್ಟಿಗೆ ಜಾರುತ್ತದೆ. ನಲ್ಲಿಯನ್ನೇ ತಗ್ಗಿಸಿದರೆ ಕೆಳಗೆ ಬಕೆಟ್ ಹಿಡಿಯೋಲ್ಲ, ಅಡುಗೆಗೆ ನೀರು ಹಿಡಿಯೋದು ಅಲ್ಲೇ. ಎಲ್ಲಾ ನಲ್ಲಿಗೂ ಮೆಟ್ಟಿಲು ಮಾಡಿದರೆ ದೊಡ್ಡವರು ಬಗ್ಗಬೇಕು. ರಟ್ಟಿನಲ್ಲಿ ಮಾಡಿ ನೋಡಿ, ಎರಡು ನಲ್ಲಿಗೆ ಮಾತ್ರ, ಒಂದು ಗೇಣು ಎತ್ತರ, ಮೇಲೆ ಒರಟು ಸಿಮೆಂಟು ಅಂತ ಹೆಡ್‌ಮಾಸ್ಟರಿಗೆ ತೋರಿಸಿದರು. ಅವರು ಗಾರೆಯವರನ್ನು ಕರೆಸಿ ಮಾಡಿಸಿಕೊಟ್ಟರು.

ಮನೆಯಲ್ಲಿ, ಶಾಲೆಯಲ್ಲಿ ಮಾಡಲು ಇಷ್ಟಪಡುವವರಿಗೆ ಎರಡು ಮಾತು. ಮೊದಲ ಐದು ನಿಮಿಷ ಪೆನ್ಸಿಲ್ ಕೆಳಗಿರಲಿ, ಬರೀ ನೋಡಲಿ. ರಬ್ಬರ್ ಬೇಡ, ತಪ್ಪು ಗೆರೆ ಪಕ್ಕದಲ್ಲಿ ಸರಿ ಗೆರೆ ಬರಲಿ. ಬಹುಮಾನ ಖಂಡಿತ ಬೇಡ, ಬಹುಮಾನ ಬಂದ ದಿನ ಮಕ್ಕಳು ಹಾಳೆ ಮುಚ್ಚಿಕೊಂಡು ಬರೆಯುತ್ತಾರೆ. ಮತ್ತೆ ದಯವಿಟ್ಟು ಮಗುವಿನ ಹಾಳೆ ಮೇಲೆ ನೀವು ಗೆರೆ ಎಳೆಯಬೇಡಿ. ತಪ್ಪಿದೆ ಅನಿಸಿದರೆ, "ಇನ್ನೊಂದು ಸಲ ಅದನ್ನೇ ನೋಡು" ಎನ್ನಿ. ಅಷ್ಟು ಸಾಕು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬರು ಟೀಚರ್ ಎದ್ದು, "ಮೇಡಂ, ನನಗೇ ಚಿತ್ರ ಬರೆಯೋಕೆ ಬರಲ್ಲ. ನಾನು ಹೇಗೆ ಇದನ್ನು ಮಾಡಿಸಲಿ?" ಎಂದು ಕೇಳಿದರು. ನಾನು ಉತ್ತರ ಹೇಳುವ ಬದಲು, ಎಲ್ಲರೂ ಹಾಳೆ ತಿರುಗಿಸಿ ನನ್ನ ಮುಂದಿರುವ ಈ ಮೇಜು ಬರೆಯಿರಿ, ನಿಮ್ಮ ನಿಮ್ಮ ಜಾಗದಿಂದ, ಎದ್ದು ಬರಬೇಡಿ ಎಂದೆ. ಹತ್ತು ನಿಮಿಷ ಹಾಲ್ ಪೂರ್ತಿ ನಿಶ್ಶಬ್ದ. ಆಮೇಲೆ ಹಾಳೆಗಳನ್ನು ಮುಂದೆ ನೆಲದ ಮೇಲೆ ಜೋಡಿಸಿದೆವು. ಆ ಟೀಚರ್ ಬರೆದ ಮೇಜು ಸೊಟ್ಟ, ಕಾಲು ಒಂದೊಂದು ಒಂದೊಂದು ಉದ್ದ. ಎಡಗಡೆಯ ಹಿಂದಿನ ಕಾಲಿನ ಕೆಳಗೆ ಮಡಚಿದಂಥ ಏನನ್ನೋ ಪುಟ್ಟದಾಗಿ ಬರೆದಿದ್ದರು. ಅದೇನು ಅಂತ ಕೇಳಿದೆ. "ಮೇಜು ಅಲ್ಲಾಡದೆ ಇರಲಿ ಅಂತ ಯಾರೋ ಪೇಪರ್ ಮಡಚಿ ಇಟ್ಟಿದ್ದಾರೆ ಮೇಡಂ, ನೋಡಿ" ಎಂದರು. ಬಗ್ಗಿ ನೋಡಿದೆ. ಇತ್ತು.